ಅಪ್‌ಡೇಟ್: ಹೆಬ್ಬೆರಳ ಬುಡದ ಬನಿಯನ್ ನೋವು ಈಗ ಹೇಗಿದೆ

ಕಾಲಿನ ಹೆಬ್ಬೆರಳ ಬುಡದಲ್ಲಿ ಉಬ್ಬಿದ ಬನಿಯನ್ ಗಂಟಿನ ನೋವಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಪರಿಹಾರವುಂಟೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಿಜವಾಗಿ ಫಲ ಕೊಟ್ಟದ್ದು ಪಾದರಕ್ಷೆ ಬದಲಿಸುವ ಸಲಹೆ. ಅದರಂತೆ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಅದರ ಮೇಲೆ ನನ್ನ ಹಳೆಯ ಚೂಪು ಮೂತಿಯ ಶೂ ಇಟ್ಟಾಗ ಗೆರೆ ಎರಡೂ ಬದಿಯಲ್ಲಿ ಹೊರಗೇ ಉಳಿಯಿತು. ಇಷ್ಟು ವರ್ಷ ಪಾದಕ್ಕೆ ಏನು ಮಾಡಿದ್ದೆನೆಂದು ಕಂಡು ಮನಸ್ಸಿಗೆ ನೋವಾಯಿತು. ಮುಂಭಾಗ ಅಗಲವಾದ, ಹಿಮ್ಮಡಿ ತಗ್ಗಾದ ಶೂ ಧರಿಸತೊಡಗಿದ ಮೂರನೆಯ ವಾರಕ್ಕೆ ಸಂಜೆಯ ಉರಿ ಬಹುಪಾಲು ಇಳಿದಿದೆ. ಹೆಚ್ಚು ಹೊತ್ತು ನಿಂತ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡುತ್ತೇನೆ.

ರಾತ್ರಿ ಕಟ್ಟುವ ಸ್ಪ್ಲಿಂಟ್‌ನಿಂದ ಬೆರಳು ನೇರವಾಗಲಿಲ್ಲ. ಕಟ್ಟಿರುವಷ್ಟು ಹೊತ್ತು ಮಾತ್ರ ಅದು ಬೆರಳನ್ನು ಹಿಡಿದಿಡುತ್ತದೆ ಎಂದು ಮೂಳೆ ವೈದ್ಯರು ತಿಳಿಸಿದರು.

ನನಗೆ ಅಚ್ಚರಿ ತಂದದ್ದು, ಈ ಗಂಟು ಬರಿಯ ಹೊಸ ಮೂಳೆಯ ಬೆಳವಣಿಗೆಯಲ್ಲ ಎಂಬ ಸಂಗತಿ: ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ, ಅದರ ಹಿಂದಿನ ಮೂಳೆ ಎದುರು ದಿಕ್ಕಿಗೆ ಸರಿದಾಗ ಹೊರಚಾಚುವ ಕೀಲೇ ಅದು. ಇದಕ್ಕೆ ಎಡೆಮಾಡುವ ಪಾದದ ರಚನೆ ಹಲವರಲ್ಲಿ ವಂಶದಿಂದ ಬರುತ್ತದೆ, ಬಿಗಿ ಶೂ ಅದನ್ನು ಉಲ್ಬಣಿಸುತ್ತದೆ. ಅಮ್ಮನ ಪಾದವೂ ಹೀಗೆಯೇ ಇರುವುದರಿಂದ, ಮೊನ್ನೆ ಮಗಳ ಶಾಲೆಯ ಶೂಗಳನ್ನೂ ಕಾಗದದ ಮೇಲಿಟ್ಟು ಅಳೆದೆ.