ಸಾಲದ ‘ಜಡ್ಜ್‌ಮೆಂಟ್’ ತೀರ್ಪೋ ಡಿಕ್ರಿಯೋ? ‘ಡಿಸ್ಪ್ಯೂಟ್’ಗೆ ತಕರಾರು ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಪರಿಚಯದ ಹಿರಿಯ ದಂಪತಿಗೆ ಕೋರ್ಟಿನ ಕಾಗದವೊಂದನ್ನು ಕನ್ನಡದಲ್ಲಿ ವಿವರಿಸಿ ಬರೆದುಕೊಟ್ಟಿದ್ದೆ. ಅದರಲ್ಲಿ ನಾನು ಬಳಸಿದ ಒಂದು ಪದದಿಂದ ಅವರಿಗೆ ಅಮೂಲ್ಯವಾದ ಕೆಲವು ವಾರಗಳು ನಷ್ಟವಾದವು. ಮತ್ತೊಬ್ಬರಿಗೆ ಹಾಗಾಗಬಾರದೆಂದು ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅವರು ಮನೆ ಬದಲಿಸಿದ ಮೇಲೆ ಹಳೆಯ ಬಾಕಿಯೊಂದಕ್ಕಾಗಿ ಅವರ ಮೇಲೆ ದಾವೆ ಹೂಡಲಾಯಿತು. ಅದರ ಕಾಗದಗಳು ಹಳೆಯ ವಿಳಾಸಕ್ಕೆ ಹೋದವು. ಅಲ್ಲಿಯ ನಿಯಮದಂತೆ, ಕೊನೆಯದಾಗಿ ತಿಳಿದಿದ್ದ ವಿಳಾಸಕ್ಕೆ ಕಳುಹಿಸಿದರೂ ಸಾಮಾನ್ಯವಾಗಿ ಅದು ಜಾರಿಯಾದಂತೆಯೇ ಲೆಕ್ಕ. ಜಾರಿಯಾದ 14 ದಿನಗಳೊಳಗೆ ಪ್ರತಿವಾದಿಯಿಂದ ಯಾವ ಉತ್ತರವೂ ಬಾರದಿದ್ದರೆ, ವಾದಿಯ ಕೋರಿಕೆಯ ಮೇರೆಗೆ, ವಿಚಾರಣೆಯೇ ಇಲ್ಲದೆ ‘ಕೌಂಟಿ ಕೋರ್ಟ್ ಜಡ್ಜ್‌ಮೆಂಟ್’ ದಾಖಲಾಗುತ್ತದೆ. ಅದು ಸಾರ್ವಜನಿಕ ರಿಜಿಸ್ಟರಿಗೂ, ಅಲ್ಲಿಂದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಸಂಸ್ಥೆಗಳ ವರದಿಗೂ ಸೇರಿ ಆರು ವರ್ಷ ಉಳಿಯುತ್ತದೆ. ಈ ದಂಪತಿಗೆ ವಿಷಯ ತಿಳಿದದ್ದು ಮನೆಸಾಲದ ಅರ್ಜಿ ತಿರಸ್ಕೃತವಾದಾಗ.

ನಿಘಂಟು ಹೇಳುವಂತೆ ನಾನು ಇದನ್ನು ‘ತೀರ್ಪು’ ಎಂದು ಬರೆದೆ. ಈಗ ಅದು ಸರಿಯೆನಿಸುತ್ತಿಲ್ಲ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಪ್ರಕರಣದಲ್ಲಿ ‘ಜಡ್ಜ್‌ಮೆಂಟ್’ ಎಂದರೆ ಡಿಕ್ರಿಗೆ ಅಥವಾ ಆದೇಶಕ್ಕೆ ನ್ಯಾಯಾಧೀಶರು ಕೊಡುವ ಕಾರಣಗಳ ಹೇಳಿಕೆ; ಪಕ್ಷಗಾರರ ಹಕ್ಕನ್ನು ನಿರ್ಣಾಯಕವಾಗಿ ಗೊತ್ತುಪಡಿಸುವುದು ‘ಡಿಕ್ರಿ’. ಇಂಗ್ಲೆಂಡಿನ ಈ ಕಾಗದದಲ್ಲಿ ಕಾರಣಗಳೂ ಇಲ್ಲ, ವಿಚಾರಣೆಯೂ ನಡೆದಿಲ್ಲ. ಇಷ್ಟು ಹಣ ಕೊಡತಕ್ಕದ್ದು ಎಂಬುದಷ್ಟೇ ಇದೆ. ಹಾಗಾಗಿ ಅಲ್ಲಿಯವರು ಅದನ್ನು ಏನೆಂದು ಕರೆದರೂ ಕನ್ನಡದಲ್ಲಿ ಅದು ಡಿಕ್ರಿಯೇ ಎಂದು ನನ್ನ ಎಣಿಕೆ. (ಸ್ಕಾಟ್ಲೆಂಡಿನ ಕೋರ್ಟುಗಳು ಇದನ್ನು ಇಂದಿಗೂ ಡಿಕ್ರಿ ಎಂದೇ ಕರೆಯುತ್ತವೆ.) ನಮ್ಮ ಹಳ್ಳಿಗಳಲ್ಲಿ ಓದು ಬರಹ ಬಾರದವರೂ ‘ಡಿಕ್ರಿ ಆಯಿತು, ಇನ್ನು ಜಪ್ತಿಗೆ ಬರುತ್ತಾರೆ’ ಎನ್ನುತ್ತಿದ್ದರು, ಆ ಅರ್ಥದಲ್ಲಿ ಈ ಪದ ಎಂದೋ ಕನ್ನಡದ್ದಾಗಿದೆ.

ತೀರ್ಪು ಎಂಬ ಪದದಲ್ಲಿ ಇನ್ನೊಂದು ತೊಡಕಿದೆ. ಅದು ‘ತೀರು’ ಧಾತುವಿನಿಂದ ಬಂದದ್ದು. ಸಾಲ ‘ತೀರಿಸುವುದೂ’ ಅದೇ ಧಾತುವಿನಿಂದ. ನನ್ನ ಟಿಪ್ಪಣಿಯಲ್ಲಿ ‘ಸಾಲದ ತೀರ್ಪಾಗಿದೆ’ ಎಂಬ ವಾಕ್ಯವನ್ನು ಓದಿದ ಆ ತಾಯಿ, ಸಾಲ ತೀರಿದೆ ಎಂದೇ ಮೊದಲು ತಿಳಿದರು. ‘ಸಾಲಗಾರ’ ಎಂದರೆ ಕೊಟ್ಟವನೂ ಹೌದು, ಪಡೆದವನೂ ಹೌದು ಎನ್ನುವ ನಮ್ಮ ಭಾಷೆಯಲ್ಲಿ ಸಾಲದ ಕಾಗದ ಬರೆಯುವವರು ಇಂಥ ಕಡೆ ಇನ್ನಷ್ಟು ಎಚ್ಚರದಿಂದಿರಬೇಕಿತ್ತು.

ಆದರೆ ನಿಜವಾದ ಹಾನಿಯಾದದ್ದು ‘ಡಿಸ್ಪ್ಯೂಟ್’ ಎಂಬಲ್ಲಿ. ಕ್ರೆಡಿಟ್ ವರದಿಯ ನಮೂದನ್ನು ಪ್ರಶ್ನಿಸುವುದು ಎಂಬ ಅರ್ಥದ ಅದನ್ನು ‘ತಕರಾರು ಸಲ್ಲಿಸುವುದು’ ಎಂದು ಬರೆದಿದ್ದೆ. ಅರಬಿಯಲ್ಲಿ ಪುನರಾವರ್ತನೆ ಎಂಬ ಅರ್ಥವಿದ್ದ ಈ ಪದಕ್ಕೆ ಉರ್ದುವಿನಲ್ಲಿ ವಾಗ್ವಾದವೆಂದೂ ಮರಾಠಿಯಲ್ಲಿ ದೂರು ಎಂದೂ ಅರ್ಥ ಬಂದಿದೆ. ನಮ್ಮ ಕಂದಾಯ ಕಚೇರಿಗಳಲ್ಲಂತೂ ತಕರಾರು ಅರ್ಜಿ ಹಾಕಿದರೆ ಖಾತೆಯ ಬದಲಾವಣೆಯೇ ನಿಲ್ಲುತ್ತದೆ. ಆ ಅನುಭವದ ಬಲದಿಂದ ದಂಪತಿ ಕ್ರೆಡಿಟ್ ಸಂಸ್ಥೆಗೆ ತಕರಾರು ಬರೆದು, ಡಿಕ್ರಿಯೇ ರದ್ದಾಗುವುದೆಂದು ನಂಬಿ ಅದರ ಉತ್ತರಕ್ಕಾಗಿ ನಾಲ್ಕು ವಾರ ಕಾದರು. ಆದರೆ ಆ ಸಂಸ್ಥೆ ನೋಡುವುದು ವರದಿಯ ನಮೂದು ರಿಜಿಸ್ಟರಿಗೆ ಸರಿಹೊಂದುತ್ತದೆಯೇ, ಹೆಸರು, ವಿಳಾಸ, ಮೊತ್ತ ಸರಿಯಾಗಿವೆಯೇ ಎಂಬುದನ್ನು ಮಾತ್ರ. ಡಿಕ್ರಿಯನ್ನು ಮುಟ್ಟುವ ಅಧಿಕಾರ ಕೋರ್ಟಿಗಷ್ಟೇ ಇದೆ, ಅದಕ್ಕೆ ಎನ್ 244 ಎಂಬ ನಮೂನೆಯಲ್ಲಿ ಬೇರೆಯೇ ಅರ್ಜಿ ಹಾಕಬೇಕು. ದಾವೆಯನ್ನು ಎದುರಿಸಿ ಗೆಲ್ಲುವ ನೈಜ ಸಾಧ್ಯತೆಯನ್ನಾಗಲಿ ಬೇರೆ ಸಕಾರಣವನ್ನಾಗಲಿ ತೋರಿಸಬೇಕು. ವಿಷಯ ತಿಳಿದ ಮೇಲೆ ತಡಮಾಡದೆ ಬಂದರೇ ಎಂಬುದನ್ನೂ ಕೋರ್ಟು ಪರಿಗಣಿಸುತ್ತದೆ.

ಆದ್ದರಿಂದ ಸಂಸ್ಥೆಗೆ ಬರೆಯುವುದನ್ನು ‘ನಮೂದಿನ ಬಗ್ಗೆ ಆಕ್ಷೇಪಣೆ’ ಎಂದೂ, ಕೋರ್ಟಿಗೆ ಹಾಕುವುದನ್ನು ‘ಡಿಕ್ರಿ ರದ್ದತಿ ಅರ್ಜಿ’ ಎಂದೂ ಬೇರ್ಪಡಿಸಿ, ತಕರಾರು ಎಂಬ ಪದವನ್ನು ಇಲ್ಲಿ ಪೂರ್ತಿಯಾಗಿ ಬಿಡಬೇಕೆಂದು ನನ್ನ ಅಭಿಪ್ರಾಯ. ನಮ್ಮ ಸಂಹಿತೆಯ 9ನೇ ಆದೇಶದ 13ನೇ ನಿಯಮದಲ್ಲಿರುವ ‘ಏಕಪಕ್ಷೀಯ ಡಿಕ್ರಿಯ ರದ್ದತಿ’ ಇದಕ್ಕೆ ಹತ್ತಿರವಾಗಿದೆ. ಆದರೂ ಏಕಪಕ್ಷೀಯವೆಂದರೆ ಒಂದು ಪಕ್ಷವನ್ನಾದರೂ ಕೇಳಿರಬೇಕು. ಇಂಗ್ಲೆಂಡಿನ ಈ ಡಿಕ್ರಿಯಲ್ಲಿ ಯಾರನ್ನೂ ಕೇಳಿರುವುದಿಲ್ಲ. ‘ಉತ್ತರವಿಲ್ಲದ ಕಾರಣ ಆದ ಡಿಕ್ರಿ’ ಎಂದು ಬಿಡಿಸಿ ಹೇಳುವುದು ಮೇಲೇ?

ಕ್ರೆಡಿಟ್ ವರದಿಗೆ ಸಾಲ ಪಡೆದವರು 200 ಪದಗಳೊಳಗೆ ತಮ್ಮ ಮಾತನ್ನು ಸೇರಿಸಲು ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯಿದೆಯಲ್ಲಿ ಅವಕಾಶವಿದ್ದು, ಅದಕ್ಕೆ ‘ನೋಟಿಸ್ ಆಫ್ ಕರೆಕ್ಷನ್’ ಎಂದು ಹೆಸರು. ಅದನ್ನು ‘ತಿದ್ದುಪಡಿ ಸೂಚನೆ’ ಎನ್ನಬಾರದು, ಏಕೆಂದರೆ ಅದರಿಂದ ಮೂಲ ನಮೂದು ತಿದ್ದಲ್ಪಡುವುದಿಲ್ಲ. ‘ವಿವರಣಾ ಟಿಪ್ಪಣಿ’ ಸಾಕು.

ಉಳಿದದ್ದು ‘ಸ್ಯಾಟಿಸ್ಫೈಡ್’, ಎಂದರೆ ಡಿಕ್ರಿಯ ಹಣ ಸಂದಿದೆ ಎಂಬ ಗುರುತು. ಡಿಕ್ರಿಯಾದ ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟಿದರೆ ರಿಜಿಸ್ಟರಿನಿಂದ ನಮೂದನ್ನೇ ತೆಗೆಯುತ್ತಾರೆ. ಆಮೇಲೆ ಕಟ್ಟಿದರೆ ಈ ಗುರುತು ಹಾಕಿ ಆರು ವರ್ಷವೂ ಉಳಿಸಿಕೊಳ್ಳುತ್ತಾರೆ. ಹೀಗಾಗಿ ರದ್ದಾದದ್ದಕ್ಕೂ ಹಣ ಸಂದದ್ದಕ್ಕೂ ಬೇರೆ ಪದ ಬೇಕೇ ಬೇಕು. ‘ಚುಕ್ತಾ’ ನನಗೆ ಒಪ್ಪಿಗೆ. ಅದರ ಪ್ರಮಾಣಪತ್ರಕ್ಕೆ ನಮ್ಮ ಕಚೇರಿಗಳ ‘ಬೇಬಾಕಿ ಪತ್ರ’ ಸಿದ್ಧವಾಗಿಯೇ ಇದೆ. ಕರ್ನಾಟಕದ ಸಿವಿಲ್ ಕೋರ್ಟುಗಳಲ್ಲಿ ಕೆಲಸ ಮಾಡಿದವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಅಮಲ್ಜಾರಿ ಅರ್ಜಿಯಲ್ಲಿ (ಡಿಕ್ರಿಯನ್ನು ಜಾರಿಗೆ ತರಲು ಹಾಕುವ ಅರ್ಜಿ) ಡಿಕ್ರಿಯ ಹಣ ಪೂರ್ತಿ ಸಂದಾಯವಾದಾಗ ಕನ್ನಡದ ಆದೇಶಪಟ್ಟಿಯಲ್ಲಿ ನೀವು ಯಾವ ಪದವನ್ನು ಬರೆಯುತ್ತಿದ್ದಿರಿ?