ರೂತಳ ಕಥೆಯ ಹಕ್ಕಲು ಮತ್ತು ಕಣ: ಆ ಸೀಮೆಯ ಸುಗ್ಗಿ ಹೇಗಿತ್ತು?

ತೆನೆಗೂಡು:
ನಮ್ಮ ಸಭೆಯಲ್ಲಿ ಈಗ ಬೈಬಲಿನ ರೂತಳ ಗ್ರಂಥ ಓದುತ್ತಿದ್ದೇವೆ. ಮೋವಾಬಿನಿಂದ ಬಂದ ಹೆಣ್ಣುಮಗಳು, ಗಂಡ ಇಲ್ಲ, ಬೇತ್ಲೆಹೇಮಿನಲ್ಲಿ ಗುರುತೇ ಇಲ್ಲದವರ ಹೊಲಕ್ಕೆ ಹೋಗಿ ಕೊಯ್ಯುವವರ ಹಿಂದೆ ಹಕ್ಕಲಾಯುತ್ತಾಳೆ, ಅಂದರೆ ಉದುರಿದ ತೆನೆ ಆರಿಸಿಕೊಳ್ಳುತ್ತಾಳೆ. ಇದಕ್ಕೆ ಹೊಲದ ಯಜಮಾನ ಬೋವಜನ ಒಳ್ಳೆಯತನ ಕಾರಣವಾ ಅಥವಾ ಮೊದಲೇ ಇದ್ದ ಕಟ್ಟಳೆಯಾ? ಇನ್ನೊಂದು, ಅಷ್ಟು ಅನುಕೂಲಸ್ಥ ರಾತ್ರಿ ಹೊತ್ತು ಕಣದಲ್ಲಿ ರಾಶಿ ಪಕ್ಕ ಯಾಕೆ ಮಲಗಿದ್ದ? ಸ್ವಲ್ಪ ಬಿಡಿಸಿ ಹೇಳಿ.

ಹಳೇಪುಟ:
ಕಟ್ಟಳೆಯೇ. ಬೈಬಲಿನದೇ ಯಾಜಕಕಾಂಡ 19 ನೋಡಿ. ಹೊಲದ ಅಂಚಿನವರೆಗೆ ಪೂರ್ತಿ ಕೊಯ್ಯಬೇಡ, ಉದುರಿದ ತೆನೆ ಆಯಬೇಡ, ಅದು ಬಡವರದು ಮತ್ತು ಪರದೇಶದವರದು ಎಂದಿದೆ. ಧರ್ಮೋಪದೇಶಕಾಂಡ 24ರ ಪ್ರಕಾರ ಒಂದು ಸಿವುಡು (ಕೊಯ್ದ ತೆನೆಯ ಕಟ್ಟು) ಹೊಲದಲ್ಲೇ ಮರೆತು ಬಂದರೆ ತರೋಕೆ ವಾಪಸ್ ಹೋಗುವ ಹಾಗಿಲ್ಲ. ಅದು ಪರದೇಶದವರು, ತಂದೆಯಿಲ್ಲದ ಮಕ್ಕಳು, ವಿಧವೆಯರ ಪಾಲು. ರೂತಳು ಪರದೇಶದವಳೂ ಹೌದು, ವಿಧವೆಯೂ ಹೌದು.

ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದಿ ಕಟ್ಟಳೆಗಳ ಮಿಷ್ನಾದಲ್ಲಿ ಇದಕ್ಕೆಂದೇ 'ಪೇಯಾ' ಅನ್ನುವ ಭಾಗವಿದೆ, ಓದಿದರೆ ಹೊಲದ ಬದುವಿನಲ್ಲಿ ನಿಂತೇ ಬರೆದಿದ್ದಾರೆ ಅನಿಸುತ್ತದೆ. ಹೊಲದ 60ರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿಡಬಾರದು. ಕೊಯ್ಯುವಾಗ ಎರಡು ತೆನೆ ಒಟ್ಟಿಗೆ ಬಿದ್ದರೆ ಬಡವರಿಗೆ, ಮೂರು ಬಿದ್ದರೆ ಹೊಲದವನಿಗೆ. ಅಂಚಿನಲ್ಲಿ ಬಿಟ್ಟ ಬೆಳೆಯನ್ನು ಬಡವರು ಕುಡುಗೋಲು ತಂದು ಕೊಯ್ಯುವಂತಿಲ್ಲ, ಕೈಯಲ್ಲೇ ಕೀಳಬೇಕು, ಇಲ್ಲದಿದ್ದರೆ ನೂಕುನುಗ್ಗಲಲ್ಲಿ ಒಬ್ಬರಿಗೊಬ್ಬರು ಏಟು ಹಾಕಿಕೊಳ್ಳುತ್ತಾರೆ ಅಂತ. ಇಷ್ಟು ಸಣ್ಣದಕ್ಕೂ ನಿಯಮ ಮಾಡಿದ್ದಾರೆ ಅಂದರೆ ಬಡವರು ನಿಜವಾಗಿಯೂ ಹೊಲಕ್ಕೆ ಬರುತ್ತಿದ್ದರು ಅಂತಲೇ ಅಲ್ವಾ? ಇದನ್ನು ದಾನ ಅನ್ನಬೇಡಿ, ಹಕ್ಕು ಅನ್ನಿ. ದಾನವಾದರೆ ಯಾರಿಗೆ ಕೊಡಬೇಕು ಅಂತ ಕೊಡುವವನು ಆರಿಸುತ್ತಾನೆ. ಇಲ್ಲಿ ಹೊಲದವನಿಗೆ ಆ ಆಯ್ಕೆಯೇ ಇರಲಿಲ್ಲ.

ರಾಶಿಪೂಜೆ:
ಕಣದ ವಿಷಯ ನಾನು ಹೇಳುತ್ತೇನೆ. ಆ ಸೀಮೆಯಲ್ಲಿ ಕಣ ಅಂದರೆ ಊರಾಚೆ, ಗಾಳಿ ಬೀಸುವ ಎತ್ತರದ ಜಾಗ, ಎಷ್ಟೋ ಕಡೆ ಬರೀ ಬಂಡೆಯ ಹಾಸು. ಸಿವುಡು ಹರಡಿ ಎತ್ತುಗಳಿಂದ ತುಳಿಸುತ್ತಿದ್ದರು, ನಮ್ಮ ಕಡೆ ಹಂತಿ ಹೊಡೆಯುವ ಹಾಗೆ. ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಅನ್ನೋದು ಧರ್ಮೋಪದೇಶಕಾಂಡ 25ರಲ್ಲಿದೆ. ಇನ್ನೊಂದು ಸಲಕರಣೆ ನಮ್ಮಲ್ಲಿ ಕಾಣದ್ದು. ಅಗಲವಾದ ಮರದ ಹಲಗೆ, ಅಡಿಯಲ್ಲಿ ಸಾಲು ಸಾಲಾಗಿ ತೂತು ಕೊರೆದು ಚೂಪುಗಲ್ಲು ಬಡಿದಿರುತ್ತಾರೆ. ಮೇಲೆ ಒಬ್ಬರು ನಿಲ್ಲುತ್ತಾರೆ, ಎತ್ತು ಸುತ್ತು ಹಾಕುತ್ತಾ ಎಳೆಯುತ್ತದೆ. ಕಾಳು ಬಿಡಿಸುವುದರ ಜೊತೆಗೆ ಹುಲ್ಲೂ ತುಂಡಾಗಿ ದನದ ಮೇವಾಗುತ್ತದೆ. ಯೆಶಾಯ 41ರಲ್ಲಿ ಹಲ್ಲುಗಳಿರುವ ಹೊಸ ಹಲಗೆಯ ಮಾತು ಬರುತ್ತದಲ್ಲ, ಅದೇ ಇದು. ಪ್ಯಾಲೆಸ್ತೀನಿನ ಹಳ್ಳಿಗಳಲ್ಲಿ 20ನೇ ಶತಮಾನದಲ್ಲೂ ಇದು ಬಳಕೆಯಲ್ಲಿತ್ತು.

ಈಗ ನಿಮ್ಮ ರಾತ್ರಿಯ ಪ್ರಶ್ನೆ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ನಂತರ ಪಡುವಣ ಸಮುದ್ರದ ಗಾಳಿ ಏಳುತ್ತದೆ, ತೂರೋಕೆ ಅದೇ ಹೊತ್ತು. ಆ ರಾತ್ರಿ ಬೋವಜ ಜವೆಗೋದಿ ತೂರುತ್ತಾನೆ ಅಂತಲೇ ನೊವೊಮಿ ಸೊಸೆಗೆ ಹೇಳಿದ್ದು. ತೂರಿದ ಮೇಲೆ ರಾಶಿ ಬಯಲಲ್ಲೇ ಇರುತ್ತದೆ. ಮಳೆಯ ಭಯ ಇಲ್ಲ, ಕಳ್ಳರ ಭಯ ಜಾಸ್ತಿ. ಕೆಯೀಲಾ ಊರಿನಲ್ಲಿ ಶತ್ರುಗಳಾದ ಫಿಲಿಷ್ಟಿಯರು ಕಣಗಳನ್ನೇ ಲೂಟಿ ಮಾಡಿದ್ದು 1 ಸಮುವೇಲ 23ರಲ್ಲಿದೆ. ಇಸ್ರಾಯೇಲಿನ ಗಿದ್ಯೋನನಂತೂ ಲೂಟಿಗೆ ಬರುವ ಮಿದ್ಯಾನರ ಕಣ್ಣಿಗೆ ಬೀಳಬಾರದು ಅಂತ ದ್ರಾಕ್ಷಿ ತುಳಿಯುವ ತೊಟ್ಟಿಯೊಳಗೆ ಕೂತು ಗೋಧಿ ಬಡಿಯುತ್ತಿದ್ದ. ವರ್ಷದ ಅನ್ನ ಬಯಲಲ್ಲಿ ಬಿದ್ದಿರುವಾಗ ಯಜಮಾನನಿಗೆ ಮನೆಯಲ್ಲಿ ನಿದ್ದೆ ಬರುತ್ತದಾ?

ಹಸಿಗಾಳು:
ಕಾಲದ ಲೆಕ್ಕ ಒಂದು ಸೇರಿಸುತ್ತೇನೆ. ಜವೆಗೋದಿ ಮೊದಲು, ಏಪ್ರಿಲ್ ಹೊತ್ತಿಗೆ. ಗೋಧಿ ಆಮೇಲೆ, ಮೇ–ಜೂನ್. 1908ರಲ್ಲಿ ಗೆಜೆರ್ ಎಂಬಲ್ಲಿ ಸಿಕ್ಕ ಸುಮಾರು 3000 ವರ್ಷ ಹಿಂದಿನ ಸಣ್ಣ ಸುಣ್ಣದಕಲ್ಲಿನ ಮೇಲೆ ವರ್ಷದ ಬೇಸಾಯದ ತಿಂಗಳುಗಳನ್ನು ಕೆತ್ತಿದ್ದಾರೆ, ಅದರಲ್ಲಿ ಜವೆಗೋದಿ ಕೊಯ್ಲಿಗೇ ಒಂದು ತಿಂಗಳಿದೆ. ಮೊದಲ ಸಿವುಡು ದೇವರಿಗೆ ಒಪ್ಪಿಸುವವರೆಗೆ ಹೊಸ ಬೆಳೆಯ ರೊಟ್ಟಿಯಾಗಲಿ ಹುರಿಗಾಳಾಗಲಿ ಬಾಯಿಗೆ ಹಾಕುವಂತಿರಲಿಲ್ಲ. ಅಲ್ಲಿಂದ 50ನೇ ದಿನಕ್ಕೆ ಹೊಸ ಗೋಧಿಯ ಎರಡು ಹುಳಿ ರೊಟ್ಟಿ ಒಪ್ಪಿಸುತ್ತಿದ್ದರು. ಆ ಹಬ್ಬವೇ ಶಾವುವೋತ್, ಅವತ್ತು ಯೆಹೂದಿ ಸಭಾಮಂದಿರಗಳಲ್ಲಿ ಇದೇ ರೂತಳ ಗ್ರಂಥ ಓದುತ್ತಾರೆ.

ಹುರಿಗಾಳು ಅಂದೆನಲ್ಲ, ಹಾಗೆ ಹಸಿ ಗೋಧಿ ಸುಡುವ ರೂಢಿ ಪ್ಯಾಲೆಸ್ತೀನಿನ ಜೆನಿನ್ ಸುತ್ತಮುತ್ತ ಈಗಲೂ ಇದೆ. ತೆನೆ ಇನ್ನೂ ಹಸಿರಾಗಿರುವಾಗಲೇ ಕೊಯ್ದು, ಸ್ವಲ್ಪ ಬಿಸಿಲಿಗೆ ಹಾಕಿ, ಬೆಂಕಿ ಕೊಡುತ್ತಾರೆ. ಸಿಪ್ಪೆ ಸುಡುತ್ತದೆ, ಕಾಳಲ್ಲಿ ನೀರಿನಂಶ ಇರುವುದರಿಂದ ಒಳಗೆ ಬರೀ ಬೇಯುತ್ತದೆ. ಆಮೇಲೆ ಉಜ್ಜಿ ಬಿಡಿಸುತ್ತಾರೆ. ಹೆಸರು ಫ್ರೀಕೆ.

ತೆನೆಗೂಡು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಸಂದೇಹ. ಮೊದಲ ದಿನವೇ ಅವಳಿಗೆ ಒಂದು ಎಫಾ ಜವೆಗೋದಿ ಸಿಕ್ಕಿತು ಅಂತ ಇದೆ. ಉದುರಿದ್ದನ್ನು ಆಯ್ದರೆ ಅಷ್ಟು ಸಿಗುತ್ತದಾ?

ಹಳೇಪುಟ:
ಎಫಾ ಅಂದರೆ ಸಾಮಾನ್ಯ ಲೆಕ್ಕದಲ್ಲಿ 22 ಲೀಟರ್, ಸುಮಾರು 13 ಕಿಲೋ ಜವೆಗೋದಿ. ಬರೀ ಹಕ್ಕಲಿಗೆ ಅದು ಜಾಸ್ತಿಯೇ. 2ನೇ ಅಧ್ಯಾಯದ 16ನೇ ವಚನ ನೋಡಿ, ಸಿವುಡುಗಳಿಂದ ಬೇಕೆಂದೇ ತೆನೆ ಎಳೆದು ಅವಳಿಗೆ ಬಿಡಿ, ಗದರಿಸಬೇಡಿ ಅಂತ ಬೋವಜ ಆಳುಗಳಿಗೆ ಹೇಳಿದ್ದಾನೆ. ಹಕ್ಕಲು ಕಟ್ಟಳೆಯಿಂದ ಬಂತು, ಆ ಹೆಚ್ಚಿನದ್ದು ಅವನ ಒಳ್ಳೆಯತನದಿಂದ.