ಡಾಕ್ಟರನ್ನು ಕೇಳಿ: ಭೇದಿ ಮಾತ್ರೆ ನಾಟುತ್ತಿಲ್ಲ (ಕೋಲಾರ ಜಿಲ್ಲೆ ಗುಂಪು)

ಬಂಗಾರಪೇಟೆ: ಡಾಕ್ಟ್ರೇ, ನಮ್ಮ ಮಾವನವರಿಗೆ 68 ವರ್ಷ, ಸಕ್ಕರೆ ಕಾಯಿಲೆ. ಬೀಗರ ಊಟದ ಮಾರನೇ ದಿನ ಭೇದಿ ಶುರುವಾಯಿತು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ನಾಲ್ಕು ದಿನ ನುಂಗಿದರು. ಜ್ವರ 102, ಇಳಿದಿಲ್ಲ. ಇವತ್ತು ರಕ್ತ ಬೇರೆ ಬಿತ್ತು. ಮಾತ್ರೆ ಬದಲಾಯಿಸಬೇಕಾ?

ಡಾಕ್ಟರ್: ಮಾತ್ರೆ ಮಾತು ಆಮೇಲೆ ಅಮ್ಮಾ. ಈಗಲೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ವಯಸ್ಸು, ಸಕ್ಕರೆ, ಜ್ವರ, ರಕ್ತ ನಾಲ್ಕೂ ಇವೆ. ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆಗಿದ್ದರೆ ಇಂಥವರಲ್ಲಿ ಕರುಳು ದಾಟಿ ರಕ್ತಕ್ಕೂ ಸೇರಬಹುದು. ಮಲ, ರಕ್ತ ಎರಡರ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಲು ಕೇಳಿ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಕಾಣುತ್ತದೆ. ನಾಟದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ವರದಿಯಲ್ಲಿ ‘ಎಸ್’ ಅಂದರೆ ನಾಟುತ್ತದೆ, ‘ಆರ್’ ಅಂದರೆ ಇಲ್ಲ. ಸಿಪ್ರೊ ಮುಂದೆ ‘ಆರ್’ ಇರುವ ವರದಿ ಈಗ ಹೊಸದೇನಲ್ಲ. ವರದಿಗೆ ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಅಲ್ಲಿನ ಡಾಕ್ಟರ್ ಬೇರೆ ಔಷಧಿ ಶುರು ಮಾಡುತ್ತಾರೆ. ನುಂಗಿದ ಮಾತ್ರೆಯ ಸ್ಟ್ರಿಪ್ ತಗೊಂಡು ಹೋಗಿ.

ಮಾಲೂರು: ಫಾರ್ವರ್ಡ್ ಬಂದಿದೆ. ಮಜ್ಜಿಗೆಗೆ ಒಂದು ಹಿಡಿ ಮೆಂತ್ಯ ಹಾಕಿ ಕುಡಿದರೆ ಎಂಥ ಬ್ಯಾಕ್ಟೀರಿಯಾನೂ ಸಾಯುತ್ತದಂತೆ.

ಡಾಕ್ಟರ್: ಸಾಯುವುದಿಲ್ಲ. ರಕ್ತಭೇದಿಯ ಪ್ರಶ್ನೆ ಕೆಳಗೆ ಇದನ್ನು ಹಾಕಬೇಡಿ. ನಂಬಿ ಒಂದು ರಾತ್ರಿ ಕಾದರೆ ಜೀವಕ್ಕೇ ಅಪಾಯ.

ಮುಳಬಾಗಿಲು: ನನಗೂ ಭೇದಿ. ಜ್ವರ ಇಲ್ಲ, ರಕ್ತ ಇಲ್ಲ. ಆಂಟಿಬಯಾಟಿಕ್ ಯಾವುದು?

ಡಾಕ್ಟರ್: ಬೇಡ. ಒಆರ್‌ಎಸ್ ಸಾಕು. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ.

ಕೆಜಿಎಫ್: ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿದರೆ ತೊಂದರೆನಾ ಸರ್?

ಶ್ರೀನಿವಾಸಪುರ: ಭೇದಿಗೆ ಯಾವ ಮಾತ್ರೆ ಒಳ್ಳೇದು?

ಡಾಕ್ಟರ್: ಮೇಲೆ ಓದಿ.

ಕೋಲಾರ: ಮಾತ್ರೆ ನಾಟದೇ ಇರುವುದಕ್ಕೆಲ್ಲ ಕೋಳಿ ಫಾರಂನವರು ಫೀಡಿಗೆ ಆಂಟಿಬಯಾಟಿಕ್ ಸುರಿಯುವುದೇ ಕಾರಣ.

ಮಾಲೂರು, ಕೋಳಿ ಫಾರಂ: ನಮ್ಮ ಹೊಟ್ಟೆ ಮೇಲೆ ಹೊಡೆಯಬೇಡಿ ಅಣ್ಣ. ಫೀಡಿಗೆ ಹಾಕುತ್ತಿದ್ದ ಕೊಲಿಸ್ಟಿನ್ ಆಂಟಿಬಯಾಟಿಕ್ ಕೋಳಿಗೆ ಕೊಡುವುದು 2019ರಲ್ಲೇ ಬ್ಯಾನ್ ಆಯಿತು. ಚೀಟಿ ಇಲ್ಲದೆ ಮಾತ್ರೆ ನುಂಗುವವರು ಯಾರು?

ಕೋಲಾರ: ಒಂದು ಬ್ಯಾನ್ ಆದರೆ ಮಿಕ್ಕಿದ್ದು? ಸುಮ್ನೆ ಮಾತಾಡಬೇಡಿ.

ಮಾಲೂರು, ಕೋಳಿ ಫಾರಂ: ನೀವು ಒಂದು ದಿನ ಫಾರಂ ನಡೆಸಿ ನೋಡಿ, ಆಮೇಲೆ ಮಾತಾಡಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಕೋಳಿಗೆ ಹಾಕಿದರೂ, ಮನುಷ್ಯ ನುಂಗಿದರೂ ಆಗುವುದು ಅದೇ. ಔಷಧಿ ತಡೆದುಕೊಂಡ ಬ್ಯಾಕ್ಟೀರಿಯಾಗಳು ಉಳಿದು ಹೆಚ್ಚುತ್ತವೆ, ಆ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಚೆನ್ನಾಗಿ ಬೇಯಿಸಿದರೆ ಇವೂ ಸಾಯುತ್ತವೆ. ಆದರೆ ಹಸಿ ಕೋಳಿ ಕತ್ತರಿಸಿದ ಮಣೆ ತೊಳೆಯದೆ ಅದರ ಮೇಲೇ ಸೌತೆಕಾಯಿ ಹೆಚ್ಚುತ್ತೀರಲ್ಲ, ಅದನ್ನು ಯಾರೂ ಬೇಯಿಸುವುದಿಲ್ಲ.

ಮಾಲೂರು: ಮೆಂತ್ಯ ನಮ್ಮಜ್ಜಿ ಕಾಲದಿಂದ ಇದೆ ಸರ್.

ಬಂಗಾರಪೇಟೆ: ಆಟೋ ಬಂತು ಡಾಕ್ಟ್ರೇ, ಹೊರಟೆವು. ಸ್ಟ್ರಿಪ್ ಬ್ಯಾಗಿನಲ್ಲಿದೆ.

ಡಾಕ್ಟರ್: ಕೊನೇ ಸಲ ಮೂತ್ರ ಯಾವಾಗ ಹೋಯಿತು ಅಂತ ದಾರಿಯಲ್ಲೇ ಕೇಳಿಕೊಳ್ಳಿ ಅಮ್ಮಾ. ಅಲ್ಲಿ ಮೊದಲು ಅದನ್ನೇ ಹೇಳಿ.